ಬಾಗಿಲಾಚೆಯಿಂದ ಬಂದ ಸಾ-ಪ

"ನಿನ್ನ ಅಮ್ಮನಿಗೆ ಕೇಳು, ಇಷ್ಟು ಚಂದ ಸುಳ್ಳು ಹೇಳ್ಲಿಕ್ಕೆ ಕಲಿಸಿದ್ದು ಯಾರು ಅಂತ."

"ಪಪ್ಪಾ, ನಾನು ಸುಳ್ಳು ಹೇಳ್ತಾ ಇಲ್ಲ. ಚಿಲಕ ಹಾಕಿತ್ತು. ಹೊರಗಿಂದ. ಬಾಹರ್ ಸೇ."

"ಹಾಕಿದ ಚಿಲಕ ತಾನೇ ತೆರೆದುಕೊಂಡಿತಾ? ಬಸವಂತಪ್ಪನವರು ಕೈ ಇಟ್ಟ ಕೂಡ್ಲೆ ಬಾಗಿಲು ತೆರೆಯಿತು. ಪರೀಕ್ಷೆಗೆ ಹೆದರಿ ಒಳಗೆ ಕೂತದ್ದು ನೀನು. ಬೇಕಾದ್ರೆ ಅವರನ್ನೇ ಕೇಳು."

ಭಾಂಡುಪ್‌ನ ಆ ಕಾಲನಿಯ ಕನ್ನಡ ಸಂಘದ ಹಾಲಿನಲ್ಲಿ ನೆರೆದವರೆಲ್ಲ ಬಸವಂತಪ್ಪನ ಕಡೆ ತಿರುಗಿದರು. ಬಸವಂತಪ್ಪನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಮೋಟರ್ ವೈಂಡಿಂಗ್ ಅಂಗಡಿ. ಆ ಭಾನುವಾರ ಮಧ್ಯಾಹ್ನ ಕೇರಂ ಬೋರ್ಡು ತೆಗೆಯಲು ಹಿಂದಿನ ಕೋಣೆಗೆ ಹೋದವನಿಗೆ ಕೀಬೋರ್ಡಿನ ಹಿಂದೆ ನೆಲದ ಮೇಲೆ ಮಂಡಿಗೆ ಹಣೆ ಹಚ್ಚಿ ಕೂತ ಈ ಹುಡುಗಿ ಕಂಡಿದ್ದಳು.

"ಬಾಗಿಲ ತೆರೆದ ಇತ್ರಿ," ಎಂದ ಬಸವಂತಪ್ಪ. "ಇದ್ದದ್ದು ಹೇಳತೀನಿ. ಆದ್ರ ಹುಡುಗಿ ಮಾರಿ ನೋಡಿದ್ರ ಸುಳ್ಳು ಹೇಳೂ ಮಾರಿ ಅಲ್ಲ ಅದು."

"ನಿನ್ನ ಪಪ್ಪನಿಗೆ ಹೇಳು ಮಗಾ, ಊರಿಗೆಲ್ಲ ಕೇಳುವ ಹಾಗೆ ಕೂಗುವುದು ಬೇಡ ಅಂತ," ಎಂದಳು ಮೂಲೆಯಲ್ಲಿ ನಿಂತಿದ್ದ ಶೀಲಾವತಿ.

ಕಟ್ಟಡಕ್ಕೆಲ್ಲ ಗೊತ್ತಿದ್ದ ಸಂಗತಿ ಇದು. ಚೆನ್ನಯ, ಶೀಲಾವತಿ ಗಂಡ ಹೆಂಡತಿಯಾದರೂ ನೇರ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಯಾವ ಜಗಳಕ್ಕೆ ನಿಂತಿತೆಂದು ಅವರಿಗೂ ನೆನಪಿತ್ತೋ ಇಲ್ಲವೋ. ಚಹಾ ಬೇಕೆಂಬುದು, ಗ್ಯಾಸ್ ಮುಗಿಯಿತೆಂಬುದು, ಜ್ವರ ಬಂದಿದೆ ಎಂಬುದು, ಎಲ್ಲವೂ ಮಗಳ ಬಾಯಿಯಿಂದಲೇ ಆಚೆಯಿಂದ ಈಚೆಗೆ ಹೋಗಬೇಕು. ಒಂದು ಕೋಣೆ, ಒಂದು ಅಡುಗೆಮನೆಯ ಆ ಮನೆಯಲ್ಲಿ ಯಕ್ಷಿತಾ ಹತ್ತೊಂಬತ್ತರ ವಯಸ್ಸಿಗೆ ಬೇಸತ್ತು ಹೋಗಿದ್ದಳು.

ಹೊರಗೆ ಹೋಗಲು ಅವಳಿಗೆ ಕಂಡ ಒಂದೇ ದಾರಿ ಸಂಗೀತ. ತಿಲಕ್ ಸರ್ ಹಿಂದಿನ ಕೋಣೆಯಲ್ಲಿ ಪಾಶ್ಚಾತ್ಯ ಸಂಗೀತದ ಪಾಠ ಹೇಳುತ್ತಿದ್ದರು. ಉಡುಪಿ ಕಡೆಯವರು, ಗೋರೆಗಾಂವ್‌ನ ಸ್ಟುಡಿಯೋಗಳಲ್ಲಿ ಕೀಬೋರ್ಡ್ ನುಡಿಸಿದವರು. ಸ್ವರಗಳನ್ನು ಒಂದರ ಮೇಲೊಂದು ಕೂಡಿಸಿ ಕಾರ್ಡ್ ಕಟ್ಟುವ ಹಾರ್ಮನಿಯ ಮೂಲಪಾಠಗಳನ್ನು ಯಕ್ಷಿತಾ ಅವರಲ್ಲಿ ಕಲಿತಳು. ಚೆನ್ನೈನ ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆ ಆ ಬೆಳಿಗ್ಗೆ ಗೋರೆಗಾಂವ್‌ನಲ್ಲಿತ್ತು. ಗೆದ್ದರೆ ಹಾಸ್ಟೆಲು. ಸೋತರೆ ಅಪ್ಪ ಮ್ಯಾನೇಜರ್ ಆಗಿದ್ದ ಮಾಟುಂಗದ ಹೋಟೆಲಿನ ಗಲ್ಲಾ. ಹಾಗೆಂದು ಚೆನ್ನಯ ಎಂದೋ ಹೇಳಿಯಾಗಿತ್ತು.

ಈಗ ಪರೀಕ್ಷೆ ತಪ್ಪಿಹೋಗಿತ್ತು. ಗೋರೆಗಾಂವ್‌ನಲ್ಲಿ ಕಾದು ಕಾದು ಮರಳಿದ ತಿಲಕ್ ಸರ್ ಒಂದೇ ಒಂದು ಆಸೆ ಹೊತ್ತು ತಂದಿದ್ದರು. ಹುಡುಗಿಯ ತಪ್ಪಿಲ್ಲದೆ ತಡವಾಯಿತೆಂದು ಸಂಘ ಇಂದೇ ಬರೆದುಕೊಟ್ಟರೆ ನಾಳೆಯ ಸರದಿಯಲ್ಲಿ ಕೂರಿಸುತ್ತಾರಂತೆ. ಆದರೆ ಚಿಲಕ ಹಾಕಿತ್ತೆಂದು ನಂಬುವವರು ಯಾರು?

ಬಸವಂತಪ್ಪ ನೇರ ಮೆಟ್ಟಿಲು ಹತ್ತಿ ಸಿದ್ದರಾಮಪ್ಪನವರ ಬಾಗಿಲು ಬಡಿದ.

ಸಿದ್ದರಾಮಪ್ಪ ಧಾರವಾಡದ ಕಡೆಯವರು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದೇ ಅವರ ನೌಕರಿಯಾಗಿತ್ತು. ನಿವೃತ್ತರಾದ ಮೇಲೆ ಕಟ್ಟಡದಲ್ಲಿ ನೀರಿನ ಪಂಪು ಹೋದರೂ, ಗಣಪತಿಯ ಬೆಳ್ಳಿ ಕಿರೀಟ ಹೋದರೂ ಜನ ಪೊಲೀಸರಿಗಿಂತ ಮೊದಲು ಅವರನ್ನು ಕರೆಯುತ್ತಿದ್ದರು. ಜೊತೆಗೆ ಬಸವಂತಪ್ಪ ಇರಲೇಬೇಕು. ಅವರು ಯೋಚಿಸುವುದು, ಇವನು ಕೂಗಾಡುವುದು.

"ಅಮಿತನ ಕೆಲಸ ಇದು," ಎಂದ ಬಸವಂತಪ್ಪ ಮೆಟ್ಟಿಲಿಳಿಯುವಾಗಲೇ. "ಅಂವಾ ಇಕಿ ಜೋಡಿನ ಕಲಿಯಾಂವ. ಅದ ಕಾಲೇಜು, ಅದ ಸೀಟು. ಅವನ ಪರೀಕ್ಷೆ ನಾಳೆ. ಎರಡು ಕೊಟ್ರ ಬಾಯಿ ಬಿಡತಾನ."

"ನಿನ್ನ ಕೈ ಕಿಸೇದಾಗ ಇರಲಿ, ಬಸವಂತಾ. ಶೇಂಗಾ ತಿನ್ನು," ಎಂದು ಸಿದ್ದರಾಮಪ್ಪ ಒಂದು ಹಿಡಿ ಶೇಂಗಾ ಕೊಟ್ಟರು. ಸಿಪ್ಪೆಯನ್ನು ತಮ್ಮ ಕಿಸೆಗೇ ಹಾಕಿಕೊಳ್ಳುವುದು ಅವರ ರೂಢಿ.

ಹಿಂದಿನ ಕೋಣೆ ಮೊದಲು ಸಂಘದ ಗೋದಾಮು. ಕಿಟಕಿಯಿಲ್ಲ. ನೆರೆಯವರ ತಕರಾರು ಬೇಡವೆಂದು ತಿಲಕ್ ಸರ್ ಗೋಡೆಗೂ ಬಾಗಿಲಿಗೂ ಹಳೆಯ ಹಾಸಿಗೆಗಳನ್ನು ಬಡಿಸಿದ್ದರು. ಒಳಗೆ ನಿಂತರೆ ಬಸವಂತಪ್ಪನಿಗೆ ಯಾರೋ ಬಾಯಿಗೆ ಬಟ್ಟೆ ತುರುಕಿದಂತಾಯಿತು. ದೀಪ, ಫ್ಯಾನಿನ ಸ್ವಿಚ್ಚುಗಳು ಬಾಗಿಲಾಚೆ, ಹಾಲಿನ ಗೋಡೆಯಲ್ಲಿದ್ದವು. ಬಾಗಿಲ ಪಕ್ಕದಲ್ಲೇ ಮಹಿಳಾ ಭಜನಾ ಮಂಡಳಿಯ ಹಾರ್ಮೋನಿಯಂ ಪೇಟಿ ಇತ್ತು. ಭಜನೆಗೆ ಪೇಟಿ ನುಡಿಸುವವಳು ಶೀಲಾವತಿ. ಸಿದ್ದರಾಮಪ್ಪ ಬಗ್ಗಿ ತಿದಿ ಒತ್ತಿ ಅದರ ಸ್ವರದ ಮನೆಗಳನ್ನು ಒಂದೊಂದಾಗಿ ನುಡಿಸಿ ನೋಡಿದರು. ಎಲ್ಲವೂ ನೆಟ್ಟಗೆ ದನಿ ಕೊಟ್ಟವು.

"ಈಗ ಹೇಳವ್ವಾ, ಮೊದಲಿಂದ."

"ನಾನು ವಾರ್ಮ್ ಅಪ್ ಮಾಡ್ಲಿಕ್ಕೆ ಬಂದೆ ಅಂಕಲ್. ಫೋನು, ಬ್ಯಾಗು ಹೊರಗೆ, ಚಪ್ಪಲಿ ಸ್ಟ್ಯಾಂಡ್ ಮೇಲೆ. ಸರ್ ರೂಲ್ ಹಾಗೆ. ಪೇಜ್ ಹಾರ್ತದೆ ಅಂತ ಫ್ಯಾನ್ ಬಂದ್ ಮಾಡಿಯೇ ಒಳಗೆ ಹೋದೆ. ಹೊರಡ್ಲಿಕ್ಕೆ ಎದ್ರೆ ದರ್ವಾಜಾ ಬಂದ್. ಕೂಗಿದೆ, ಬಡಿದೆ. ಕುಚ್ ನಹೀ. ಆಮೇಲೆ ಕೀಬೋರ್ಡ್ ಫುಲ್ ವಾಲ್ಯೂಮಲ್ಲಿ ಡಾಮಿನೆಂಟ್ ಸೆವೆಂತ್ ಕಾರ್ಡ್ ಒತ್ತಿ ನಿಲ್ಲಿಸಿದೆ. ಮತ್ತೆ ಒತ್ತಿದೆ. ಮುಗಿಸಲೇ ಇಲ್ಲ. ಹಾರ್ಮನಿ ಗೊತ್ತಿದ್ದವರು ಕೇಳಿದ್ರೆ, ಯಾಕೆ ಮುಗಿಸ್ತಾ ಇಲ್ಲ ಅಂತ ಬಂದಾರು ಅಂತ."

"ಬಂದ್ರೇನು?"

"ಬರಲಿಲ್ಲ. ಆದ್ರೆ ಆನ್ಸರ್ ಬಂತು. ಹೊರಗಿಂದ, ಪೇಟಿಯಲ್ಲಿ. ಸಾ ಮತ್ತು ಪ. ಅಷ್ಟೇ. ಗ ಇರಲಿಲ್ಲ. ತುಂಬ ಹೊತ್ತು ಹಿಡಿದಿದ್ರು. ಆಮೇಲೆ ನಿಂತಿತು. ಐ ಥಾಟ್ ಈಗ ತೆಗೀತಾರೆ. ತೆಗೀಲಿಲ್ಲ. ನಾನು ಅಲ್ಲೇ ಕೂತುಬಿಟ್ಟೆ."

"ಬಸವಂತಪ್ಪ ಬಂದಾಗ ಫ್ಯಾನು?"

ಹುಡುಗಿ ತಡೆದಳು. "ಓಡ್ತಾ ಇತ್ತು. ಅರೆ. ಅದು ಯಾವಾಗ ಶುರುವಾಯ್ತೋ ನಾನು ನೋಡಲೇ ಇಲ್ಲ."

ಗೇಟಿನ ವಾಚ್‌ಮನ್ ಹೇಳಿದಂತೆ ಆ ಬೆಳಿಗ್ಗೆ ಹಾಲಿಗೆ ಬಂದುಹೋದವರು ಮೂವರೇ. ಚೆನ್ನಯ ಬಂದದ್ದು ಪರೀಕ್ಷೆ ಬೇಡ ಎನ್ನಲು. ಒಳಗೆ ಕೀಬೋರ್ಡ್ ಕೇಳಿ, ಸಿಟ್ಟಿನಲ್ಲಿ ಹಾಗೇ ಹೊರಟೆ ಎಂದ. ಅಮಿತ ತನ್ನ ಸ್ಟ್ಯಾಂಡ್ ಒಯ್ಯಲು ಬಂದಿದ್ದ. ಶೀಲಾವತಿ ಭಜನೆಗೆ ಜಮಖಾನೆ ಹಾಸಿ ದೇವಸ್ಥಾನಕ್ಕೆ ಹೋಗಿ, ಆಮೇಲೆ ಮತ್ತೊಮ್ಮೆ ಬಂದುಹೋಗಿದ್ದಳು.

"ಆ ಕಾರ್ಡ್ ಕೇಳಿಸಿತೇನು?" ಎಂದರು ಸಿದ್ದರಾಮಪ್ಪ ಅಮಿತನಿಗೆ.

"ಹಾ, ಕೇಳಿಸ್ತು. ಶಾನಪಟ್ಟಿ, ದೊಡ್ಡಸ್ತಿಕಿ ಮಾಡ್ಲಿಕತ್ತಾಳ ಅಂದ್ಕೊಂಡೆ. ಎಲ್ಲಾರಿಗೂ ಕೇಳ್ಲಿ ಅಂತ ಜೋರ್ ಸೇ ಹೊಡೀತಾಳ. ನಾ ಹೋದೆ."

ಬಸವಂತಪ್ಪ ಅವನ ಕಾಲರಿಗೆ ಕೈ ಹಾಕಿಯೇಬಿಟ್ಟ. "ಪೇಟಿ ಮ್ಯಾಲೆ ಉತ್ತರ ಕೊಟ್ಟಾಂವ ನೀನ. ಈ ಕಟ್ಟಡದಾಗ ಆ ವಿದ್ಯಾ ಇನ್ಯಾರಿಗೆ ಬರತದ?"

"ಅಂಕಲ್, ಶರ್ಟ್ ಛೋಡೋ. ನಯಾ ಹೈ."

ಸಿದ್ದರಾಮಪ್ಪ ಕಾಲರಿನಿಂದ ಆ ಕೈ ಬಿಡಿಸಿ ತಿಲಕ್ ಸರ್ ಎದುರು ವಿದ್ಯಾರ್ಥಿಯಂತೆ ಕೂತರು. "ಸರ, ನನಗ ಮೊದಲನೇ ಪಾಠ ಹೇಳ್ರಿ. ಕೂಸಿಗೆ ಹೇಳಿದಂಗ."

ಬಸವಂತಪ್ಪನಿಗೆ ಮೈಯೆಲ್ಲ ಉರಿಯಿತು. ಸಂಜೆ ಹತ್ತಿರ ಬರುತ್ತಿದೆ, ಈ ಮನುಷ್ಯ ಸರಿಗಮ ಕಲಿಯಲು ಕೂತಿದ್ದಾನೆ. ತಿಲಕ್ ಸರ್ ಮಾತ್ರ ಖುಷಿಯಿಂದಲೇ ಹೇಳಿದರು.

"ಸಾ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿದ್ರೆ ಅದು ಮನೆ. ಹಾಡು ಎಲ್ಲಿ ತಿರುಗಿದ್ರೂ ಕೊನೆಗೆ ಬರುವುದು ಅಲ್ಲಿಗೇ. ಪ, ನಿ, ರಿ, ಮ ಒತ್ತಿದ್ರೆ ಮನೆ ಬಾಗಿಲ ಎದುರು ನಿಂತ ಹಾಗೆ. ಅದೇ ಡಾಮಿನೆಂಟ್ ಸೆವೆಂತ್. ಅದರ ನಿ ಸಾ ಕಡೆ ಜಗ್ತದೆ, ಮ ಗ ಕಡೆ ಇಳೀಲಿಕ್ಕೆ ನೋಡ್ತದೆ. ಅಲ್ಲೇ ನಿಲ್ಲಿಸಿದ್ರೆ ಕೇಳುವವನಿಗೆ ಉಸಿರು ಕಟ್ಟಿದ ಹಾಗೆ ಆಗ್ತದೆ."

"ಮನಿ ಕಾರ್ಡಿನಾಗ ಗ ಬಿಟ್ರ?"

"ಬಿಡ್ಲಿಕ್ಕಿಲ್ಲ. ಪ ಬಿಟ್ರೂ ನಡೀತದೆ. ಸಂತೋಷವಾ ದುಃಖವಾ ಅಂತ ಹೇಳುವುದೇ ಗ. ಅದಿಲ್ಲದಿದ್ರೆ ಎರಡು ಗೋಡೆ ಮಾತ್ರ, ನಡುವೆ ಖಾಲಿ. ನನ್ನ ಮಕ್ಕಳು ಗ ಬಿಟ್ರೆ ನಾನು ಇಡೀ ಕಾರ್ಡಿಗೆ ಸೊನ್ನೆ ಹಾಕ್ತೇನೆ. ಈಗ ಅವರ ಬೆರಳೇ ಬಿಡುವುದಿಲ್ಲ."

ಸಿದ್ದರಾಮಪ್ಪ ಒಂದು ಶೇಂಗಾ ಒಡೆದರು. ತಿನ್ನದೆ ಅಂಗೈಯಲ್ಲೇ ಇಟ್ಟುಕೊಂಡು ಎದ್ದರು. "ಎಲ್ಲಾರನೂ ಕರಿ, ಬಸವಂತಾ," ಎಂದರು.

ಸಂಜೆ ಜಮಖಾನೆಯ ಮೇಲೆ ಎಲ್ಲರೂ ಕೂತರು. ನಡುವೆ ಪೇಟಿ. ಸಿದ್ದರಾಮಪ್ಪ ಹೇಳಿದಂತೆ ಯಕ್ಷಿತಾ ಕೀಬೋರ್ಡಿನಲ್ಲಿ ಆ ಕಾರ್ಡ್ ಒತ್ತಿ ನಿಲ್ಲಿಸಿದಳು. ದನಿ ಹಾಲಿನಲ್ಲಿ ತೂಗುತ್ತ ನಿಂತಿತು. ಸಂಗೀತದ ಗಂಧವಿಲ್ಲದ ಬಸವಂತಪ್ಪನಿಗೂ ಬರುವ ಸೀನು ಬಾರದೆ ನಿಂತಂತಾಯಿತು.

"ಅಮಿತಾ, ಮುಗಸು."

ಅಮಿತನ ಬೆರಳುಗಳು ಯೋಚಿಸದೆ ಪೇಟಿಯ ಮೇಲೆ ಸಾ, ಗ, ಪ ಹಿಡಿದವು.

"ಚೆನ್ನಯ ಅವರ, ನೀವು."

"ನನಗೆ ಎಂತ ಗೊತ್ತುಂಟು? ಕುಕ್ಕರ್ ಸೀಟಿಯೂ ಒಂದೇ, ಇದೂ ಒಂದೇ." ಚೆನ್ನಯ ಒತ್ತಿದ್ದು ಅಕ್ಕಪಕ್ಕದ ಎರಡು ಮನೆ. ಕರ್ಕಶ ದನಿಗೆ ತಿಲಕ್ ಸರ್ ಕಣ್ಣು ಮುಚ್ಚಿಕೊಂಡರು.

"ತಾಯಿ, ನೀವು. ಇಂಗ್ಲಿಷ್ ಸಂಗೀತ ಬ್ಯಾಡ. ಭಜನಿ ಶುರು ಮಾಡೂಕಿಂತ ಮೊದಲ ಹೆಂಗ ಹಿಡೀತೀರಿ, ಅಷ್ಟ ಹಿಡೀರಿ."

ಶೀಲಾವತಿ ಸೆರಗು ಸರಿಪಡಿಸಿಕೊಂಡಳು. ಮಗಳು ಮತ್ತೆ ಆ ಕಾರ್ಡ್ ಒತ್ತಿದಳು. ತಾಯಿಯ ಕೈ ಕ್ಷಣ ತಡೆಯಿತು. ಆಮೇಲೆ ಅದು ಬೇರೆ ದಾರಿ ಅರಿಯದ ಎತ್ತಿನಂತೆ ತನ್ನ ಜಾಗಕ್ಕೇ ಹೋಯಿತು. ಸಾ ಮತ್ತು ಪ.

ಯಕ್ಷಿತಾ ಕೀಬೋರ್ಡಿನಿಂದ ಕೈ ತೆಗೆದಳು. "ಇದೇ," ಎಂದಳು.

"ಈ ಹುಡುಗಿ ಸುಳ್ಳು ಹೇಳವಳಾಗಿದ್ರ ಪೂರ್ತಿ ಕಾರ್ಡ್ ಕೇಳಿಸ್ತು ಅಂತಿದ್ಲು," ಎಂದರು ಸಿದ್ದರಾಮಪ್ಪ. "ಕಲಿತಾಕಿಗೆ ಅರ್ಧಾ ಉತ್ತರ ಹುಟ್ಟಿಸಲಿಕ್ಕೆ ಮನಸ್ಸ ಬರೂದಿಲ್ಲ. ಅಂದಮ್ಯಾಲೆ ಪೇಟಿ ನುಡಿದದ್ದು ಖರೆ. ಯಾರೋ ಬಾಗಿಲಾಚೆ ಕೂತು ಕೇಳಿ ತೆಗೀದ ಹೋದದ್ದೂ ಖರೆ. ಉತ್ತರ ಬಂದದ್ದಕ್ಕ ಹಾರ್ಮನಿ ಕಲತಾವರ ಅಂತ ನಾವೆಲ್ಲ ಅಮಿತನ ಮ್ಯಾಲೆ ಬಿದ್ವಿ. ಆದ್ರ ಕಲತಾವರು ಗ ಬಿಡೂದಿಲ್ಲ. ಪೇಟಿದಾಗ ಗ ಕೆಟ್ಟಿತ್ತೇನು? ಇಲ್ಲ, ನಾ ನೋಡೀನಿ. ಸಾ-ಪ ಅಷ್ಟ ಹಿಡಿಯೂದು ತಂಬೂರಿ ರೂಢಿ, ಭಜನಿಯವರ ಕೈ. ಮಗಳ ಸಾ ಎಲ್ಲಿ ಅದ ಅಂತ ಗ್ವಾಡಿ ಆಚಿಂದ ಹುಡುಕೂ ಕಿವಿ ಚೆನ್ನಯ ಅವರಿಗಿಲ್ಲ."

ಅವರು ಸ್ವಿಚ್ಚುಗಳ ಕಡೆ ಕೈ ತೋರಿಸಿದರು. "ಇನ್ನ ಆ ಫ್ಯಾನು. ವೈರಿ ಕೂಡಿಹಾಕಿದ್ರ ಫ್ಯಾನ್ ಹಚ್ಚತಾನೇನು? ಚಿಲಕ ಹಾಕಿದಾವರಿಗೇ ಒಳಗ ಸೆಕಿ ಆದೀತು ಅನ್ನೂ ಕಾಳಜಿ ಇತ್ತು. ಪರೀಕ್ಷೆ ಹೊತ್ತು ಮೀರಿದ ಮ್ಯಾಲೆ ಅವರ ಸಪ್ಪಳ ಮಾಡದ ಚಿಲಕ ತೆಗದ್ರು. ತಾಯಿ, ನಾ ಏನಾರ ತಪ್ಪ ಹೇಳಿದ್ರ ಹೇಳ್ರಿ."

ಶೀಲಾವತಿ ಪೇಟಿಯನ್ನೇ ನೋಡುತ್ತಿದ್ದಳು. "ಸಣ್ಣವಳಿದ್ದಾಗ ಅತ್ತರೆ ಪೇಟಿ ಹಿಡೀತಿದ್ದೆ. ಸುಮ್ಮನಾಗ್ತಿದ್ದಳು. ಒಳಗೆ ಅವಳು ಬಾರಿಸಿದ್ದು ಅಳುವ ಹಾಗೇ ಇತ್ತು. ನನ್ನಿಂದ ಕೇಳ್ಲಿಕ್ಕೆ ಆಗಲಿಲ್ಲ, ತೆಗೀಲಿಕ್ಕೂ ಆಗಲಿಲ್ಲ." ಅವಳು ಮಗಳ ಕಡೆ ತಿರುಗಿದಳು. "ನೀನು ಹೋದ್ರೆ ಆ ಮನೆಯಲ್ಲಿ ನನ್ನ ಹತ್ರ ಮಾತಾಡುವವರು ಯಾರಿದ್ದಾರೆ ಮಗಾ? ಉಪ್ಪು ಮುಗಿಯಿತು ಅಂತ ನಾನು ಯಾರಿಗೆ ಹೇಳಲಿ?"

ಬಸವಂತಪ್ಪನ ಬಾಯಿಯಲ್ಲಿ ಬೈಗುಳ ತಯಾರಿತ್ತು. ಯಾರಿಗೆ ಬೈಯಬೇಕೆಂದೇ ತಿಳಿಯಲಿಲ್ಲ. ಅವನು ಅಮಿತನ ಕಾಲರನ್ನು ಒರಟಾಗಿ ಸರಿಪಡಿಸಿದ.

"ಸಾರಿ ಬೋಲೋ ಅಂಕಲ್," ಎಂದ ಅಮಿತ ಮೆಲ್ಲಗೆ.

"ಶೇಂಗಾ ತಿನ್ನು," ಎಂದ ಬಸವಂತಪ್ಪ, ಉಳಿದದ್ದನ್ನೆಲ್ಲ ಅವನ ಕೈಗೆ ಸುರಿದು.

ಹೊರಗಿನಿಂದ ಚಿಲಕ ಬಿದ್ದ ಕಾರಣ ಹುಡುಗಿ ಬರಲಾಗಲಿಲ್ಲವೆಂದು ಸಂಘದ ಪರವಾಗಿ ಸಿದ್ದರಾಮಪ್ಪ ಎರಡು ಸಾಲು ಬರೆದರು. ಯಾರು ಹಾಕಿದರೆಂದು ಬರೆಯಲಿಲ್ಲ. ತಿಲಕ್ ಸರ್ ಅದನ್ನು ಮಡಚಿ ಜೇಬಿಗಿಟ್ಟು, ಇಂದೇ ಗೋರೆಗಾಂವ್‌ಗೆ ಹೋಗಿ ತಮ್ಮ ತಂಗಿಯ ಮನೆಯಲ್ಲಿ ಉಳಿಯೋಣ ಎಂದರು. ಯಕ್ಷಿತಾ ಬ್ಯಾಗು ಹೆಗಲಿಗೇರಿಸಿದಳು. ಅಮ್ಮನ ಎದುರು ಕೂತು, ಪೇಟಿಯ ಮೇಲಿದ್ದ ಅವಳ ಕೈ ಹಿಡಿದು, ನಡುಬೆರಳನ್ನು ಗ ಮೇಲೆ ಇಟ್ಟಳು.

"ಇದು ಬೇಕಿತ್ತು ಅಮ್ಮ."

ಎದ್ದಳು. ಚಪ್ಪಲಿ ಮೆಟ್ಟಿ, ಗೇಟು ದಾಟಿ, ಸ್ಟೇಷನ್ ಕಡೆ ಹೊರಳಿದಳು. ತಿರುಗಿ ನೋಡಲಿಲ್ಲ.

ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಬಸವಂತಪ್ಪ ದೀಪ ಆರಿಸಲು ಕಾದು ನಿಂತ. ಶೀಲಾವತಿಯ ಬೆರಳು ಇನ್ನೂ ಗ ಮೇಲೇ ಇತ್ತು, ತಿದಿ ಒತ್ತದ ಪೇಟಿ ಸುಮ್ಮನಿತ್ತು. ಬಾಗಿಲಲ್ಲಿ ನಿಂತ ಚೆನ್ನಯ ರೂಢಿಯಂತೆ, ಮಗಳು ಕೂತಿದ್ದ ಖಾಲಿ ಜಾಗದ ಕಡೆ ನೋಡಿ ಹೇಳಿದ.

"ನಿನ್ನ ಅಮ್ಮನಿಗೆ ಹೇಳು, ಮನೆಗೆ ಹೋಗುವಾ ಅಂತ."

ಆ ಮಾತನ್ನು ಒಯ್ದು ಮುಟ್ಟಿಸಲು ಯಕ್ಷಿತಾ ಮತ್ತೆ ಬರಲಿಲ್ಲ.