ಅಮ್ಮನನ್ನು ಕೇಳದೆ ಬರೆದ ಪುಟ

2019ರ ಮಾರ್ಚ್ 14, ಗುರುವಾರ, ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಲೇಖಕಿ ಠಾಣೆಗೆ ಬಂದು ದೂರು ಕೊಟ್ಟಳು. ಇಸ್ಲಾಮನ್ನು ಟೀಕಿಸಿ ಆಕೆ ಬರೆದ ಪುಸ್ತಕದ ಅಷ್ಟೂ ಪ್ರತಿಗಳನ್ನು ಬೈಂಡಿಂಗ್ ಅಂಗಡಿಯಲ್ಲಿ ಯಾರೋ ನಡುವಿಗೆ ಕತ್ತರಿಸಿ ಹೋಗಿದ್ದರು. ಸಂಜೆ ಅದರ ಮೇಲೆ ಬಹಿರಂಗ ಚರ್ಚೆಯಿತ್ತು. ನಿಷೇಧಿಸಿ ಎನ್ನುವವರು ವಾರದಿಂದ ಬೀದಿಯಲ್ಲಿದ್ದರು. ಪುಸ್ತಕ ಹೊಗಳುವ ನೆಪದಲ್ಲಿ ಆಕೆಯದೇ ಮುಸ್ಲಿಂ ಸಮುದಾಯವನ್ನು ಹೀಯಾಳಿಸುವವರೂ ಇದ್ದರು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಎರಡೂ ಕಡೆಯವರ ಮೇಲೆ. ಚರ್ಚೆ ಮಾತ್ರ ನಿಲ್ಲಲ್ಲ ಸಾರ್."

ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆ ಹೋದಾಗ ಅಂಗಡಿಯ ಬೀಗ ಒಡೆದಿತ್ತು. ಹೆಡ್ ಕಾನ್‌ಸ್ಟೇಬಲ್ ಗೋಡೆಯ ಮೇಲೆ ಬೆದರಿಕೆಯ ಬರಹ ಹುಡುಕುತ್ತಿದ್ದರೆ, ಇನ್‌ಸ್ಪೆಕ್ಟರ್ ಕಟಿಂಗ್ ಮೆಷಿನ್ ಕಡೆ ಬಗ್ಗಿದರು. ತುಂಡಾದ ಕೊನೆಯ ಕಟ್ಟಿನ ಅಡಿಗೆ ಹಳೆಯ ರಟ್ಟೊಂದಿತ್ತು.

"ಇದ್ಯಾಕೆ?" ಬೈಂಡರ್‌ನನ್ನು ಕೇಳಿದರು. ಅವನು ಲೇಖಕಿಯ ತಮ್ಮ.

"ರಟ್ಟಿಲ್ದಿದ್ರೆ ಬ್ಲೇಡಿನ ಬಾಯಿ ಹೋಗುತ್ತೆ ಸಾರ್."

"ಪುಸ್ತಕ ಹಾಳು ಮಾಡೋಕೆ ಬಂದೋನಿಗೆ ನಿನ್ನ ಬ್ಲೇಡಿನ ಮೇಲೆ ಯಾಕಪ್ಪಾ ಅಷ್ಟು ಅಕ್ಕರೆ?"

"ಕೈ ತಾನಾಗೇ ಇಟ್ಬಿಡ್ತು. ಬೀಗಾನೂ ನಾನೇ ಒಡೆದಿದ್ದು."

ಪೊಲೀಸರ ಜೊತೆಗೇ ಬಂದಿದ್ದ ಅಕ್ಕ ಕೆಂಡವಾದಳು. "ಧರ್ಮ ಕಾಯೋಕೆ ಹೊರಟ್ಯೇನೋ?"

"ಧರ್ಮನ ಎಷ್ಟಾದ್ರೂ ಬಯ್ಕೋ. ಅಪ್ಪ ಮೂರು ಸಲ ತಲಾಖ್ ಅಂದು ಅಮ್ಮನ್ನ ಹೊರಗೆ ಹಾಕಿದ್ದನ್ನ ಯಾಕೆ ಬರೆದೆ? ಗಂಡ ಸತ್ತ ಅಂತ ಹೇಳ್ಕೊಂಡೇ ಈ ಬೀದೀಲಿ ತಲೆ ಎತ್ತಿ ಬಾಳಿದಾಳೆ. ಬರೆಯೋಕೆ ಮುಂಚೆ ಅವಳನ್ನ ಕೇಳಿದ್ಯಾ?"

"ಕತ್ತರಿಸೋಕೆ ಮುಂಚೆ ನೀನು ಕೇಳಿದ್ಯಾ?"

11 ಗಂಟೆ 15 ನಿಮಿಷಕ್ಕೆ ಅವನ ಬಂಧನವಾಯಿತು. ಮಧ್ಯಾಹ್ನ ತಾಯಿ ಠಾಣೆಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡು, ಮಗಳತ್ತ ಕೈ ತೋರಿಸಿದರು.

"ಇವಳನ್ನೂ ಒಳಗೆ ಹಾಕಿ ಸಾರ್. ಇಬ್ಬರದೂ ಒಂದೇ ತಪ್ಪು."

ಹೆಡ್ ಕಾನ್‌ಸ್ಟೇಬಲ್ ನಗು ತಡೆದುಕೊಂಡರು. ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು: ಮತದ್ವೇಷ ಕಂಡುಬಂದಿಲ್ಲ. ತಾಯಿಯ ಮಾನ ಉಳಿಸುವ ಹಟ.

ಸಂಜೆ ಸಭಾಂಗಣದ ಹೊರಗೆ ಘೋಷಣೆ ಮೊಳಗುತ್ತಿತ್ತು. ಲೇಖಕಿ ಮಾತಿಗೆ ಏಳುವ ಮೊದಲೇ ತಾಯಿ ವೇದಿಕೆ ಹತ್ತಿದರು. ಮಗಳು ಚಾಚಿದ ಕರಡು ಪ್ರತಿಯನ್ನು ಪಕ್ಕಕ್ಕೆ ಸರಿಸಿದರು, ಮೈಕನ್ನೂ ಮುಟ್ಟಲಿಲ್ಲ.

"ನನ್ನ ಗಂಡ ಸತ್ತಿಲ್ಲ. ನನ್ನನ್ನ ಬಿಟ್ಟ. ನಾನು ನಮಾಜ್ ಬಿಟ್ಟಿಲ್ಲ, ಬಿಡೋದೂ ಇಲ್ಲ. ಇವಳು ಬರೆದಿದ್ದೆಲ್ಲ ನಾನು ಒಪ್ಪಲ್ಲ. ಆದ್ರೆ ಅವತ್ತು ನನಗಾಗಿದ್ದು ಅನ್ಯಾಯ. ಅದನ್ನ ಹೇಳೋಕೆ ನನಗೆ ಯಾರ ಅಪ್ಪಣೆನೂ ಬೇಡ. ಹೊರಗಿರೋರದೂ ಬೇಡ, ಇಲ್ಲಿ ಚಪ್ಪಾಳೆ ತಟ್ಟೋರದೂ ಬೇಡ."

ತಟ್ಟಲು ಎತ್ತಿದ ಕೈಗಳು ಹಾಗೇ ಇಳಿದವು. ಧ್ವನಿಯ ಮಿತಿ ಮೀರದಂತೆ ನೋಡಿಕೊಳ್ಳಲು ಬಂದೋಬಸ್ತಿಗೆ ಬಂದಿದ್ದ ಪೇದೆ ಶಬ್ದಮಾಪಕವನ್ನು ಮೂರನೇ ಸಾಲಿನಲ್ಲಿ ಹಿಡಿದು ನಿಂತಿದ್ದ. ಆಕೆಯ ಮಾತಿನುದ್ದಕ್ಕೂ ಅದು ತೋರಿಸಿದ ಗರಿಷ್ಠ ಮಟ್ಟ, ಮನೆಯೊಳಗಿನ ಮಾತಿಗಿಂತ ತುಸುವೇ ಜೋರಾದ 71 ಡೆಸಿಬೆಲ್.