ಹದಿನೆಂಟು ಸಲ ತಪ್ಪಿದ ಕಾರ್ಡು

ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಅವನಿರಲಿಲ್ಲ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಕೈಯಲ್ಲಿ ಕಾರ್ಡು ಹಿಡಿದೇ ಒಳಗೆ ಇಣುಕಿದಳು.

"ಅವರು ಇವತ್ತು ಬಂದಿಲ್ವಾ?" ಆದಷ್ಟು ಸಾಧಾರಣ ದನಿಯಲ್ಲಿ ಕೇಳಿದಳು.

"ಬಂದಿದಾನೆ. ಮೇಲಿನ ಆಫೀಸಿಗೆ ಮ್ಯಾನೇಜರ್ ಮೇಡಂ ಕರೆಸಿದಾರೆ," ಎಂದರು ಅಲ್ಲಿ ಕೂತಿದ್ದ ಹಿರಿಯರು. "ಯಾವುದೋ ಒಂದೇ ಪ್ರಯಾಣದ ಕಾರ್ಡಿಗೆ ಹದಿನೆಂಟು ಸಲ ಹಣ ವಾಪಸ್ ಹಾಕಿದಾನಂತೆ. ಕೆಲಸಕ್ಕೇ ಕುತ್ತು ಬರೋ ಹಾಗಿದೆ. ನಿಮ್ಮದೇನಮ್ಮ?"

ಅವಳು ಕಾರ್ಡನ್ನು ಮೆಲ್ಲಗೆ ಬ್ಯಾಗಿಗೆ ಇಳಿಸಿದಳು. ಹದಿನೆಂಟು ಸಲದ ಕಾರ್ಡು ಅದೇ.

ಹಳಿ ರಿಪೇರಿಯೆಂದು ತಿಂಗಳಿನಿಂದ ರೈಲಿಲ್ಲ, ಬದಲಿಗೆ ಸ್ಟೇಷನ್ ಎದುರಿನಿಂದ ಬಸ್ಸು. ಬಸ್ಸಿಗೆ ಹೋಗುವವರು ಗೇಟಿನ ಯಂತ್ರಕ್ಕೆ ಕಾರ್ಡು ತೋರಿಸಬಾರದು, ಬಸ್ಸಿನೊಳಗಿನದಕ್ಕೆ ಮಾತ್ರ ತೋರಿಸಬೇಕು. ಗೇಟಿಗೂ ತೋರಿಸಿದರೆ, ರೈಲು ಹತ್ತಿದವರು ಇನ್ನೂ ಇಳಿದೇ ಇಲ್ಲವೆಂದುಕೊಂಡು ಯಂತ್ರ ಕೊನೆಯ ಸ್ಟೇಷನ್ನಿನವರೆಗಿನ ದರ ಕತ್ತರಿಸಿಬಿಡುತ್ತದೆ.

ಮೊದಲ ದಿನ ಅವಳು ಅಭ್ಯಾಸಬಲದಿಂದ ತೋರಿಸಿದ್ದಳು. ಮರುದಿನ ಕೌಂಟರಿನಲ್ಲಿ ಆ ಹಣ ವಾಪಸ್ ಹಾಕಿಕೊಡುವಾಗ ಅವನು ಕಾರ್ಡಿನ ಫೋಟೋ ನೋಡಿ, ಅವಳನ್ನು ನೋಡಿ, ಮತ್ತೆ ಫೋಟೋ ನೋಡಿ, "ಇದರಲ್ಲಿ ಯಾಕೆ ಇಷ್ಟು ಕೋಪ?" ಎಂದ. ಅಷ್ಟೇ. ಅವತ್ತಿನಿಂದ ಗೋಡೆಯಷ್ಟು ದೊಡ್ಡ ಬೋರ್ಡು ಕಣ್ಣೆದುರಿಗಿದ್ದರೂ ಅವಳ ಕೈ ಗೇಟಿಗೇ ಹೋಗುತ್ತಿತ್ತು. ದಿನವಿಡೀ ಮಂದಿಯ ಕಣ್ಣು ಪರೀಕ್ಷೆ ಮಾಡುವವಳಿಗೆ ಬೋರ್ಡು ಕಾಣಲಿಲ್ಲವೆಂದರೆ ಯಾರು ನಂಬುತ್ತಾರೆ?

ಮೆಟ್ಟಿಲ ಬುಡದಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದಳು. "ಅಕ್ಕಾ, ನನ್ನಿಂದ ಒಬ್ಬರ ಕೆಲಸ ಹೋಗುತ್ತೆ. ಬಾಯಿಬಿಟ್ಟು ಹೇಳಿದ್ರೆ ನನ್ನ ಮಾನ ಹೋಗುತ್ತೆ."

"ಮಾಡೋದೆಲ್ಲ ಮಾಡಿ ಈಗ ನನ್ನ ಕೇಳ್ತೀಯಾ?" ಎಂದಳು ಅಕ್ಕ. "ಮೊದ್ಲು ಮೆಟ್ಟಿಲು ಹತ್ತು."

ಫೋನು ಬ್ಯಾಗಿಗೆ ಹಾಕಿದಳು. ಹತ್ತಿದಳು.

ಬಾಗಿಲಲ್ಲಿ ಅವಳನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು. "ಇವರಿಗೂ ಇದಕ್ಕೂ ಸಂಬಂಧ ಇಲ್ಲ ಮೇಡಂ," ಎಂದುಬಿಟ್ಟ, ಯಾರೂ ಕೇಳದಿದ್ದರೂ.

ಮೇಜಿನ ಮೇಲೆ ಅವನು ಬರೆದುಕೊಟ್ಟ ಹಾಳೆಯಿತ್ತು: ಪ್ರಯಾಣಿಕರಿಗೆ ನಿಯಮ ತಿಳಿಸದಿದ್ದುದು ನನ್ನದೇ ತಪ್ಪು. ಅವಳು ಅದನ್ನು ಓದಿದಳು. ಪೆನ್ನು ತೆಗೆದುಕೊಂಡು ಅದರ ಕೆಳಗೇ ಬರೆದಳು: ನಿಯಮ ನನಗೆ ಗೊತ್ತಿತ್ತು. ಇವರ ಜೊತೆ ಎರಡು ಮಾತಾಡಬೇಕೆಂದು ಬೇಕಂತಲೇ ತಪ್ಪು ಮಾಡಿದೆ. ಇವರಿಗೆ ಇದು ಗೊತ್ತಿಲ್ಲ.

ಮೇಡಂ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಆ ಹೊತ್ತು ಅವಳಿಗೆ ಯುಗವಾಯಿತು.

"ಇದನ್ನ ನಾನು ಫೈಲಿಗೆ ಹೇಗಮ್ಮ ಹಾಕ್ಲಿ?" ಎಂದರು ಕಡೆಗೆ. "ಕದ್ದಿದ್ದೇನೂ ಇಲ್ಲ. ಇವನಿಗೊಂದು ಎಚ್ಚರಿಕೆ ಕೊಟ್ಟು ಮುಗಿಸ್ತೀನಿ. ನಾಳೆಯಿಂದ ರೈಲು ಶುರು. ಹೊರಡಿ ಇಬ್ರೂ."

ಮೆಟ್ಟಿಲಿಳಿಯುವಾಗ ಅವನು ಮುಂದೆ, ಅವಳು ಹಿಂದೆ. ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿರಬೇಕು ಎಂದು ಅವಳಿಗೆ ಭಯ.

"ಕ್ಷಮಿಸಿ," ಎಂದಳು.

"ನೀವು ಬರೆದಿದ್ರಲ್ಲಿ ಒಂದು ಸುಳ್ಳಿದೆ."

"ಏನು?"

"ನನಗೆ ಗೊತ್ತಿಲ್ಲ ಅಂದ್ರಲ್ಲ, ಅದು. ಮೂರನೇ ದಿನಾನೇ ಗೊತ್ತಾಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವನು ಎರಡು ಮೆಟ್ಟಿಲು ಕೆಳಗೆ ನಿಂತು ಮುಖವೆತ್ತಿ ಅವಳನ್ನು ನೋಡಿದ.

"ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ."