ಎಲ್ಲರ ದುಡ್ಡೂ ಜಯಂತಿಯ ಖಾತೆಗೆ

"ಇಷ್ಟೊಂದು ದುಡ್ಡು ಯಾರದ್ದು?"

ತೆರಿಗೆ ಸಲಹೆಗಾರ ವಿಶಾಲ ಬ್ಯಾಂಕಿನ ವಿವರ ನೋಡುತ್ತಾ ಕೇಳಿದ. ಜಯಂತಿಯ ಮುಖ ಕೆಂಪಾಯಿತು.

"ಕದ್ದದ್ದಲ್ಲ ಸರ್!"

"ನಾನು ಹಾಗೆ ಹೇಳಿದ್ನಾ? ಮೊದ್ಲು ನೀರು ಕುಡೀರಿ..."

ಊರಿನವರ ಕಣ್ಣಿಗೆ ಬೀಳಬಾರದೆಂದೇ ಅವಳು ಹೊನ್ನಾವರದಿಂದ ಬಸ್ಸು ಹತ್ತಿ ಕುಮಟಾದ ಈ ಆಫೀಸಿಗೆ ಬಂದಿದ್ದಳು.

ಹೊನ್ನಾವರದ ಮೀನು ಮಾರ್ಕೆಟ್ಟಿನ ಅವಳ ಸಾಲಿನಲ್ಲಿ ದೊಡ್ಡ ಫೋನು ಇದ್ದದ್ದು ಅವಳೊಬ್ಬಳ ಬಳಿ. ಗಿರಾಕಿಗಳೋ ಹತ್ತು ರೂಪಾಯಿಗೂ ಸ್ಕ್ಯಾನ್ ಮಾಡುವವರು! ಪಕ್ಕದಲ್ಲಿ ಕೂತು ಮಾರುವ ಮಾಸ್ತಮ್ಮನ ಬಂಗುಡೆಯಾಗಲಿ, ಗಂಗಿಯ ಸಿಗಡಿಯಾಗಲಿ, ದುಡ್ಡು ಬೀಳುತ್ತಿದ್ದದ್ದು ಜಯಂತಿಯ ಖಾತೆಗೆ. ಸಂಜೆ ಎಟಿಎಮ್ಮಿನಿಂದ ತೆಗೆದು ಅವರವರದ್ದು ಅವರಿಗೆ ಕೊಡುತ್ತಿದ್ದಳು. ಎಲ್ಲ ಬಾಯಿಮಾತಿನ ಲೆಕ್ಕ. ಆದಾಯ ತೆರಿಗೆಯವರು ಮಾತ್ರ ಅದೆಲ್ಲ ಇವಳೊಬ್ಬಳದ್ದೇ ಆದಾಯವೆಂದು ತೆರಿಗೆ, ಬಡ್ಡಿ, ದಂಡ ಹಾಕಿ ನೋಟಿಸು ಕಳಿಸಿದ್ದರು. ಮನೆ ಮಾರಿದರೂ ತೀರುವಂತಿರಲಿಲ್ಲ. ಜಯಂತಿ ಇದೆಲ್ಲವನ್ನೂ ವಿಶಾಲನಿಗೆ ಹೇಳಿದಳು.

"ಅದು ನಮ್ಮ ದುಡ್ಡು ಅಂತ ಆ ಹೆಂಗಸರೆಲ್ಲ ಬರೆದು ಕೊಟ್ರೆ ಮೇಲ್ಮನವಿ ಹಾಕ್ಬಹುದು. ಅವರಿಗೆ ಹೇಳಿ."

"ಬೇಡ ಸರ್... ಟ್ಯಾಕ್ಸಿನ ಹೆಸರು ಕೇಳಿದ್ರೆ ಯಾರೂ ನನ್ನ ಹತ್ರ ಸುಳಿಯೂದಿಲ್ಲ."

ಅವ್ವ ಹೋದ ಮೇಲೆ ಅವಳಿಗೆ ತನ್ನವರೆಂದು ಇದ್ದದ್ದು ಆ ಹೆಂಗಸರೇ. ಅವರೂ ದೂರವಾದರೆ? 'ಕತ್ತಲೆ ಮನೆಯಲ್ಲಿ ಯಾರ ಹತ್ರ ಮಾತಾಡ್ಲಿ ದೇವ್ರೇ...'

"ಆಯ್ತು. ನನ್ನ ಬಾಯಿಂದ ಯಾರಿಗೂ ಗೊತ್ತಾಗೋದಿಲ್ಲ," ಎಂದ ವಿಶಾಲ.

ದಾಖಲೆ ಕೇಳಲು ಅವನು ಆಗಾಗ ಫೋನು ಮಾಡುತ್ತಿದ್ದ. ಮಾತು ಮುಗಿದರೂ ಇಬ್ಬರೂ ಫೋನು ಇಡುತ್ತಿರಲಿಲ್ಲ. ಅವನ ದನಿ ನಿಂತ ಮೇಲೆ ಅವಳ ಮನೆ ಮೊದಲಿಗಿಂತ ಖಾಲಿ ಎನಿಸುತ್ತಿತ್ತು.

ಒಂದು ಬೆಳಿಗ್ಗೆ ಜಯಂತಿ ಮಾರ್ಕೆಟ್ಟಿಗೆ ಬಂದರೆ ಮಾಸ್ತಮ್ಮನ ಬುಟ್ಟಿಯ ಮುಂದೆ ವಿಶಾಲ! ಇಬ್ಬರೂ ತಲೆ ಬಗ್ಗಿಸಿ ಏನೋ ಮಾತಾಡುತ್ತಿದ್ದರು. ಅವಳು ತನ್ನ ಬುಟ್ಟಿ ಅಲ್ಲೇ ಇಳಿಸಿ ಅವನತ್ತ ಧಾವಿಸಿದಳು.

"ಹೇಳಿಬಿಟ್ರಾ ಸರ್? ನನಗೆ ಟ್ಯಾಕ್ಸಿನ ನೋಟಿಸು ಬಂದದ್ದು ಹೇಳೂಕೆ ಇಲ್ಲೀವರೆಗೆ ಬಂದ್ರಾ? ನಿಮ್ಮನ್ನ ನಂಬಿದ್ನಲ್ಲ!"

ಮಾರ್ಕೆಟ್ಟಿನವರೆಲ್ಲ ಇತ್ತ ತಿರುಗಿದರು.

"ನಾನು... ಬಂಗುಡೆ ಹೇಗೆ ಅಂತ ಕೇಳ್ತಿದ್ದೆ," ಎಂದ ವಿಶಾಲ ಮೆಲ್ಲಗೆ.

ಅಯ್ಯೋ! ಅವನು ಕಾಪಾಡಿದ ಗುಟ್ಟನ್ನು ಇವಳೇ ಊರಿಗೆಲ್ಲ ಸಾರಿದ್ದಳು. ಜಯಂತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

"ಎಂತ ನೋಟಿಸೇ?" ಮಾಸ್ತಮ್ಮ ಎದ್ದು ಬಂದಳು. ಬಿಕ್ಕುತ್ತಲೇ ಜಯಂತಿ ಎಲ್ಲ ಹೇಳಿದಳು.

"ದುಡ್ಡು ನಮ್ದು, ಅಳೂದು ನೀ ಒಬ್ಳೇಯಾ? ಹುಚ್ಚಿ! ಸರ್, ಎಲ್ಲಿ ಹೆಬ್ಬೆಟ್ಟು ಒತ್ಬೇಕು ಹೇಳಿ."

"ನಾ ಸಹಿ ಮಾಡ್ತೆ! ಶಾಲೆಗೆ ಹೋಗಿದ್ದೆ," ಎಂದಳು ಗಂಗಿ.

ಮೇಲ್ಮನವಿಯ ತೀರ್ಪು ಬರುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು. ನೋಟಿಸಿನಲ್ಲಿ ಕೇಳಿದ್ದ ಹಣದ ಬಹುಪಾಲು ರದ್ದಾಗಿತ್ತು. ಉಳಿದದ್ದು ಅವಳ ಸ್ವಂತ ವ್ಯಾಪಾರದ ಸಣ್ಣ ತೆರಿಗೆ, ಕಂತಿನಲ್ಲಿ ಕಟ್ಟಬಹುದಿತ್ತು. ಸುದ್ದಿ ಹೇಳಲು ವಿಶಾಲ ತಾನೇ ಬಂದ.

"ಒಂದು ಕೇಳ್ಲಾ ಸರ್? ಆ ದಿನ ಇಲ್ಲೀವರೆಗೆ ಬಂದ್ರಲ್ಲ, ಕುಮಟಾದಲ್ಲಿ ಬಂಗುಡೆ ಸಿಗೂದಿಲ್ವಾ?"

"ಸಿಗ್ತದೆ..." ಅವನು ತಡವರಿಸಿದ. "ನೀವು ಸಿಗೋದಿಲ್ಲ. ನಿಮ್ಮನ್ನ ನೋಡ್ಬೇಕು ಅನಿಸಿತ್ತು. ಕೇಸು ಮುಗಿಯದೆ ಹೇಳೋದು ಸರಿಯಲ್ಲ ಅಂತ ಸುಮ್ಮನಿದ್ದೆ. ಜಯಂತಿ, ಇನ್ನು ಒಬ್ಬರೇ ಕೂತು ಹೆದರಬೇಡಿ."

"ಹೆದರದೇ... ಒಬ್ಬಳೇ ಇರ್ಬಹುದಾ?"

"ಅದೂ ಬೇಡ."

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಆತು," ಎಂದಳು.